ಮಗಳ ದೋಸೆ ಕರುವಿನ ಬಾಯಿಗೆ: ಈಟಿಂಗ್ ಡಿಸಾರ್ಡರ್‌ನಿಂದ ಚೇತರಿಸಿಕೊಳ್ಳುತ್ತಿರುವ ಮಗುವಿನ ಜೊತೆ ಹೇಗಿರಬೇಕು?

ಪ್ರಶ್ನೆ:

ಡಾಕ್ಟರಿಗೆ ನಮಸ್ಕಾರ. ನಮ್ಮದು ಶಿರಸಿ ತಾಲೂಕಿನ ಒಂದು ಹಳ್ಳಿ. ಅಡಿಕೆ ತೋಟ, ನಾಲ್ಕು ಆಕಳು. ಮನೆಯಲ್ಲಿ ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು. ದೊಡ್ಡವಳಿಗೆ 16 ವರ್ಷ, ಪಿಯುಸಿ ಮೊದಲ ವರ್ಷ. ಹೈಸ್ಕೂಲಿನಲ್ಲಿ ಓಟದಲ್ಲಿ ಜಿಲ್ಲಾ ಮಟ್ಟದವರೆಗೆ ಹೋಗಿದ್ದಳು. ಕಳೆದ ವರ್ಷ ಯಾರೋ "ಸ್ವಲ್ಪ ತೂಕ ಇಳಿದರೆ ಇನ್ನೂ ಜೋರು ಓಡ್ತೀಯ" ಎಂದರಂತೆ. ಮೊದಲು ಸಿಹಿ ಬಿಟ್ಟಳು, ಆಮೇಲೆ ತುಪ್ಪ, ಕೊನೆಗೆ ಅನ್ನ. ಒಳ್ಳೆಯ ಅಭ್ಯಾಸ ಎಂದು ನಾವೂ ಖುಷಿಪಟ್ಟೆವು. ಮುಟ್ಟು ನಿಂತಿತು. ಕೂದಲು ಉದುರಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ವಾರವೇ ಬಚ್ಚಲಿನಲ್ಲಿ ತಲೆ ತಿರುಗಿ ಬಿದ್ದಳು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ 18 ದಿನ ಇದ್ದೆವು. ಅನೊರೆಕ್ಸಿಯಾ, ಅಂದರೆ ದಪ್ಪಗಾಗುವ ಭಯದಿಂದ ಊಟವನ್ನೇ ಬಿಡುವ ಕಾಯಿಲೆ ಎಂದರು.

ಈಗ ಮನೆಗೆ ಬಂದು ಎರಡು ತಿಂಗಳು. ತೂಕ ಸ್ವಲ್ಪ ಏರಿದೆ. ಆದರೆ ಪ್ರತಿ ಊಟವೂ ಜಗಳ. ಒಂದು ದೋಸೆಯನ್ನು ಇಪ್ಪತ್ತು ಚೂರು ಮಾಡುತ್ತಾಳೆ. "ಕೊಟ್ಟಿಗೆ ಕಟ್ಟೆ ಮೇಲೆ ಕೂತು ತಿಂತೇನೆ" ಎಂದು ತಟ್ಟೆ ಹಿಡಿದು ಹೋಗುತ್ತಿದ್ದಳು. ಹದಿನೈದು ದಿನ ಬಿಟ್ಟು ಗೊತ್ತಾಯಿತು, ದೋಸೆ ತಿನ್ನುತ್ತಿದ್ದದ್ದು ಕರು! ಎಲ್ಲರಿಗೂ ತಾನೇ ಹೋಳಿಗೆ ಮಾಡಿ ಬಡಿಸುತ್ತಾಳೆ, ತಾನು ಮುಟ್ಟುವುದಿಲ್ಲ. ತೂಕದ ಮಷಿನ್ ಅಡಗಿಸಿಟ್ಟರೆ ಅಡಿಕೆ ತೂಗುವ ಕಾಟಾದ ಮೇಲೆ ನಿಂತಿದ್ದಳು. ಇವರು "ಬಿಡು, ಹಸಿವಾದರೆ ತಿಂತಾಳೆ" ಎನ್ನುತ್ತಾರೆ. ಅತ್ತೆ ದೃಷ್ಟಿ ತೆಗೆಯುತ್ತಾರೆ. ಮತ್ತೆ ಓಡಲು ಬಿಡಿ ಎಂದು ಮಗಳು ದಿನಾ ಗೋಗರೆಯುತ್ತಾಳೆ. ಚೌತಿ ಬೇರೆ ಹತ್ತಿರ ಬಂತು, ಮನೆ ತುಂಬ ನೆಂಟರು. ಒತ್ತಾಯ ಮಾಡಲೋ, ಬಿಡಲೋ? ನನ್ನದೇ ಏನಾದರೂ ತಪ್ಪಾಯಿತಾ?

– ಒಬ್ಬ ತಾಯಿ

ಉತ್ತರ:

ನಿಮ್ಮ ಪತ್ರದಿಂದ ಒಂದು ಸಾಲು ತೆಗೆದಿದ್ದೇನೆ. ಮಗಳ ತೂಕ ಎಷ್ಟಿತ್ತು, ಈಗ ಎಷ್ಟಿದೆ ಎಂದು ಬರೆದಿದ್ದಿರಿ. ಇದೇ ಕಾಯಿಲೆ ಇರುವ ಇನ್ನೊಂದು ಮಗು ಇದನ್ನು ಓದಿದರೆ ಬೇರೆಲ್ಲ ಬಿಟ್ಟು ಆ ಅಂಕಿಯನ್ನೇ ಹಿಡಿದುಕೊಳ್ಳುತ್ತದೆ. "ಅವಳು ಅಷ್ಟಕ್ಕೆ ಇಳಿದಿದ್ದಳು, ನಾನು ಇನ್ನೂ ದಪ್ಪ" ಎಂದು. ನೀವೂ ಇನ್ನು ಮೇಲೆ ಮನೆಯಲ್ಲಿ ಕಿಲೋ ಲೆಕ್ಕ ಬಾಯಿಬಿಟ್ಟು ಹೇಳಬೇಡಿ.

ಕರುವಿನ ವಿಷಯ ಓದಿ ನಗು ಬಂತು, ಕ್ಷಮಿಸಿ. ಕುಮಟಾದಲ್ಲಿ ಮನೋವೈದ್ಯೆಯಾಗಿ ಕೂತು ಸುಮಾರು ವರ್ಷವಾಯಿತು. ಕಿಟಕಿಯಿಂದ ಹಾರಿದ ಚಪಾತಿ, ಪಾಟಿಚೀಲದ ತಳದಲ್ಲಿ ಬೂಸ್ಟು ಹಿಡಿದ ಇಡ್ಲಿ, ಬೆಕ್ಕಿಗೆ ಹೋದ ಮೀನು ಎಲ್ಲ ಕೇಳಿದ್ದೇನೆ. ಕರು ಇದೇ ಮೊದಲು. ಆದರೆ ಒಳಗಿನ ಸಂಗತಿ ಒಂದೇ. ನಿಮ್ಮ ಮಗಳು ಸುಳ್ಳುಗಾರ್ತಿ ಅಲ್ಲ. ತಟ್ಟೆ ಎದುರಿಗೆ ಬಂದಾಗ ಅವಳಿಗೆ ಆಗುವುದು ನಿಜವಾದ ಭಯ. ಹಾವು ಕಂಡರೆ ಕಾಲು ಹೇಗೆ ತಾನಾಗಿ ಹಿಂದೆ ಸರಿಯುತ್ತದೋ ಹಾಗೆ. ಅಷ್ಟು ಭಯದಲ್ಲಿರುವವರು ಪಾರಾಗಲು ಏನಾದರೊಂದು ದಾರಿ ಹುಡುಕಿಯೇ ಹುಡುಕುತ್ತಾರೆ. ಹಾಗಾಗಿ ಕರುವಿನ ವಿಷಯಕ್ಕೆ ವಿಚಾರಣೆ, ಆಣೆ ಪ್ರಮಾಣ ಏನೂ ಬೇಡ. ಇವತ್ತಿನಿಂದ ತಟ್ಟೆ ಕೊಟ್ಟಿಗೆಗೆ ಹೋಗುವುದಿಲ್ಲ, ಅಷ್ಟೇ.

ಒತ್ತಾಯ ಮಾಡಲೋ ಬಿಡಲೋ ಎಂದು ಕೇಳಿದ್ದೀರಿ. ಬಿಡಬೇಡಿ. ನಿಮ್ಮ ಯಜಮಾನರ ಮಾತನ್ನೇ ನಾನೂ ಒಂದು ಕಾಲದಲ್ಲಿ ಹೇಳಿದ್ದೆ. ಪ್ರಾಕ್ಟೀಸ್ ಶುರು ಮಾಡಿದ ಹೊಸತು. ಕರಾವಳಿಯ ಒಬ್ಬ ತಾಯಿ ಮಗಳನ್ನು ಕರೆತಂದಿದ್ದರು. "ಒತ್ತಾಯ ಮಾಡಿದಷ್ಟೂ ಹಟ ಜಾಸ್ತಿ ಆಗುತ್ತೆ, ಸ್ವಲ್ಪ ಸಡಿಲ ಬಿಡಿ, ತಾನಾಗಿ ತಿಂತಾಳೆ" ಎಂದು ಕಳಿಸಿದೆ. ಆಗ ಅದು ಭಾರಿ ಜಾಣತನದ ಸಲಹೆ ಎಂದು ನನಗೇ ಅನಿಸಿತ್ತು. ಮೂರು ವಾರಕ್ಕೆ ಅವಳನ್ನು ಎತ್ತಿಕೊಂಡು ಬಂದರು. ನಡೆಯುವ ಶಕ್ತಿ ಇರಲಿಲ್ಲ. ಬದುಕಿದಳು, ಈಗ ಅವಳಿಗೇ ಮಗುವಿದೆ. ಆ ಮೂರು ವಾರ ಮಾತ್ರ ನನ್ನ ಲೆಕ್ಕಕ್ಕೇ ಸೇರಬೇಕು.

ಹಸಿವಾದರೆ ತಿನ್ನುತ್ತಾಳೆ ಎನ್ನುವುದು ಆರೋಗ್ಯವಾಗಿರುವ ಮಗುವಿನ ವಿಷಯದಲ್ಲಿ ಸರಿ. ಈ ಕಾಯಿಲೆಯಲ್ಲಿ ಹಸಿವಿನ ಕರೆಗಂಟೆಯೇ ಕೆಟ್ಟಿರುತ್ತದೆ. ಹೊಟ್ಟೆ ಖಾಲಿ ಇದ್ದರೆ ಅವಳಿಗೆ ಸಮಾಧಾನ, ತುಂಬಿದರೆ ಗಾಬರಿ. ಇದರಲ್ಲಿ ತಮಾಷೆಯ ಮಾತೇ ಇಲ್ಲ. ಮನಸ್ಸಿನ ಕಾಯಿಲೆಗಳಲ್ಲಿ ಜೀವಕ್ಕೆ ಅತಿ ಹೆಚ್ಚು ಅಪಾಯ ತರುವವುಗಳಲ್ಲಿ ಅನೊರೆಕ್ಸಿಯಾ ಒಂದು.

ಒಂದು ಹಳೆಯ ಪ್ರಯೋಗದ ಕಥೆ ಹೇಳುತ್ತೇನೆ, ನಿಮ್ಮವರಿಗೂ ಓದಿ ಹೇಳಿ. ಎರಡನೇ ಮಹಾಯುದ್ಧ ಮುಗಿಯುತ್ತಿದ್ದ ಹೊತ್ತು. ಉಪವಾಸ ಬಿದ್ದ ಜನರಿಗೆ ಮತ್ತೆ ಊಟ ಕೊಡುವುದು ಹೇಗೆಂದು ತಿಳಿಯಲು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಂಡಸರನ್ನು ಆರಿಸಿಕೊಂಡರು. ಗಟ್ಟಿಮುಟ್ಟಾದ, ಮನಸ್ಸೂ ಸರಿ ಇದ್ದ ತರುಣರು. ತಾವಾಗಿಯೇ ಒಪ್ಪಿ ಬಂದವರು. 1945ರಲ್ಲಿ ಆರು ತಿಂಗಳು ಅವರ ಊಟವನ್ನು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸಿದರು. ಮೈತೂಕದ ಕಾಲು ಭಾಗ ಇಳಿಯಿತು. ಆಮೇಲೆ ನೋಡಿ, ಅವರೂ ಊಟವನ್ನು ಚೂರು ಚೂರು ಮಾಡಿ ಗಂಟೆಗಟ್ಟಲೆ ಎಳೆಯತೊಡಗಿದರು. ಅಡುಗೆ ಪುಸ್ತಕ ಕೂಡಿಸಿಟ್ಟು ರಾತ್ರಿ ಓದತೊಡಗಿದರು. ಬೇಸಿಗೆಯಲ್ಲೂ ಚಳಿ ಎಂದರು. ಸಿಡುಕು, ಅಳು, ಯಾರ ಜೊತೆಗೂ ಸೇರದಿರುವುದು ಶುರುವಾಯಿತು. ಅವರಿಗೆ ತೆಳ್ಳಗಾಗುವ ಆಸೆಯೇನೂ ಇರಲಿಲ್ಲ, ಅವರ ಆಯಿಯಂದಿರು ಸರಿಯಾಗಿ ಬೆಳೆಸಿಲ್ಲ ಅಂತಲೂ ಅಲ್ಲ. ಹೊಟ್ಟೆಗೆ ಇಲ್ಲದ ಮಿದುಳು ಹಾಗೆ ಆಡುತ್ತದೆ. ಊಟ ಮತ್ತೆ ಶುರುವಾದ ಮೇಲೂ ಮನಸ್ಸು ಹದಕ್ಕೆ ಬರಲು ತಿಂಗಳುಗಟ್ಟಲೆ ಹಿಡಿಯಿತು.

ಇಪ್ಪತ್ತು ಚೂರಿನ ದೋಸೆ, ಊರಿಗೆಲ್ಲ ಹೋಳಿಗೆ ಮಾಡಿ ತಾನು ಮುಟ್ಟದಿರುವುದು ಈಗ ಸ್ವಲ್ಪ ಅರ್ಥವಾಯಿತಲ್ವಾ? ಹಾಗಾಗಿ ಮೊದಲು ಮನಸ್ಸು ಸರಿಯಾಗಲಿ, ಆಮೇಲೆ ತಿನ್ನುತ್ತಾಳೆ ಎಂದು ಕಾಯುವಂತಿಲ್ಲ. ಮೊದಲು ಊಟ. ಮನಸ್ಸು ಅದರ ಹಿಂದಿನಿಂದ, ತಡವಾಗಿ ಬರುತ್ತದೆ. ಅವಳಿಗೆ ಈಗ ಊಟವೇ ಔಷಧಿ. ಜ್ವರದ ಮಾತ್ರೆಯನ್ನು ಮಗುವಿನ ಒಪ್ಪಿಗೆ ಕೇಳಿ ಕೊಡುತ್ತೇವಾ?

ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ವೈದ್ಯರು 1980ರ ದಶಕದಲ್ಲಿ ಇದನ್ನೇ ಒಂದು ಚಿಕಿತ್ಸೆಯ ಕ್ರಮವಾಗಿ ರೂಪಿಸಿದರು. ಹದಿವಯಸ್ಸಿನ ಅನೊರೆಕ್ಸಿಯಾಕ್ಕೆ ಇವತ್ತಿಗೂ ಮೊದಲು ಸೂಚಿಸುವುದು ಅದನ್ನೇ. ಸುಮಾರು ಆರು ತಿಂಗಳಿಂದ ಒಂದು ವರ್ಷ ನಡೆಯುತ್ತದೆ. ಮೊದಲ ಘಟ್ಟದಲ್ಲಿ ಏನು, ಎಷ್ಟು, ಯಾವಾಗ ಎನ್ನುವುದೆಲ್ಲ ಅಪ್ಪ ಅಮ್ಮನ ಕೈಯಲ್ಲಿ. ತೂಕ, ಧೈರ್ಯ ಎರಡೂ ಬಂದ ಮೇಲೆ ನಿಧಾನಕ್ಕೆ ಅವಳ ಕೈಗೆ ಬಿಡುವುದು. ಕೊನೆಗೆ ಉಳಿದ ಸಂಗತಿಗಳು: ಓದು, ಗೆಳತಿಯರು, ಹರೆಯ. ದೊಡ್ಡ ಆಸ್ಪತ್ರೆಗಳು ದೂರವೇ ಇರುವ ನಮ್ಮ ಹಳ್ಳಿಗಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಮುಖ್ಯ ಕೆಲಸ ನಡೆಯುವುದು ನಿಮ್ಮ ಅಡುಗೆಮನೆಯಲ್ಲಿ.

ಹಾಗಾದರೆ ನಾಳೆ ಬೆಳಿಗ್ಗೆ ದೋಸೆ ಹೊತ್ತಿಗೆ ಏನು ಮಾಡಬೇಕು?

ನೀವೇ ಬಡಿಸಿ. ಅವಳು ಒಲೆಯ ಹತ್ತಿರ ಬರುವುದು ಸದ್ಯಕ್ಕೆ ಬೇಡ, ಹೋಳಿಗೆ ಮಾಡುವುದೂ ಬೇಡ. ಎಷ್ಟು ತುಪ್ಪ ಬಿತ್ತು ಎಂದು ನೋಡುತ್ತ ನಿಂತರೆ ತಟ್ಟೆ ಬರುವ ಮೊದಲೇ ಅರ್ಧ ಜಗಳ ಆಗಿರುತ್ತದೆ. ಮೂರು ಹೊತ್ತು ಊಟ, ನಡುವೆ ಎರಡೋ ಮೂರೋ ಸಲ ತಿಂಡಿ, ದಿನಾ ಅದೇ ಹೊತ್ತಿಗೆ. ಊಟಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ನೀವು ಪಕ್ಕದಲ್ಲೇ ಕೂತು ಅದನ್ನೇ ತಿನ್ನಿ. ನಿಂತು ಕಾವಲು ಕಾಯಬೇಡಿ, ಕೂರಿ. ನಮ್ಮ ಕಡೆಯ ಹೆಂಗಸರು ಎಲ್ಲರಿಗೂ ಬಡಿಸಿ, ಮೂರು ಗಂಟೆಗೆ ಒಲೆ ಕಟ್ಟೆಯ ಹತ್ತಿರ ನಿಂತೇ ಒಂದು ಮುಷ್ಟಿ ಅನ್ನ ತಿಂದು ಮುಗಿಸುತ್ತಾರೆ. ನೀವೂ ಹಾಗೇ ಅಂತ ನನ್ನ ಅಂದಾಜು. ಅದನ್ನು ಮಗಳು ಹದಿನಾರು ವರ್ಷದಿಂದ ನೋಡುತ್ತಿದ್ದಾಳೆ. ತಪ್ಪು ಎಂದು ಹೇಳುತ್ತಿಲ್ಲ. ಈಗಿನ ಚಿಕಿತ್ಸೆಯಲ್ಲಿ ನಿಮ್ಮ ತಟ್ಟೆಗೂ ಪಾಲಿದೆ.

ಅವಳು ತಟ್ಟೆ ದೂಡುತ್ತಾಳೆ. "ಯಂಗೆ ಸಾಕು" (ನನಗೆ ಸಾಕು) ಎನ್ನುತ್ತಾಳೆ. ಅಳುತ್ತಾಳೆ, ನಿಮ್ಮನ್ನು ದ್ವೇಷಿಸುತ್ತೇನೆ ಎಂದೂ ಹೇಳಬಹುದು. ಆಗ ವಾದಕ್ಕೆ ಇಳಿಯಬೇಡಿ. ಒಂದು ದೋಸೆಯಲ್ಲಿ ಎಷ್ಟು ಕ್ಯಾಲರಿ ಎಂಬ ಚರ್ಚೆಯಲ್ಲಿ ನೀವು ಗೆಲ್ಲುವುದಿಲ್ಲ, ಅವಳಿಗೆ ಕೋಷ್ಟಕವೇ ಬಾಯಿಪಾಠ ಇರುತ್ತದೆ. "ಅರ್ಧ ತಿಂದರೆ ಸಾಕಾ?" ಎಂಬ ಚೌಕಾಸಿಗೂ ಬೀಳಬೇಡಿ. ಇವತ್ತು ಅರ್ಧಕ್ಕೆ ಒಪ್ಪಿದರೆ ನಾಳೆ ಕಾಲು. ಸಣ್ಣ ಮಾತು, ತಣ್ಣಗಿನ ದನಿ: "ಕಷ್ಟ ಆಗ್ತಿದೆ, ಗೊತ್ತು. ನಾನು ಇಲ್ಲೇ ಇದ್ದೇನೆ. ಈಗ ಈ ತುತ್ತು." ಸ್ವಲ್ಪ ಹೊತ್ತು ಬಿಟ್ಟು ಅದೇ ಮಾತು. ನಡುವೆ ತೋಟದ ಸುದ್ದಿ, ಮಳೆ ಎಷ್ಟು ಬಿತ್ತು, ಬಸ್ಸಿನಲ್ಲಿ ಯಾರು ಸಿಕ್ಕರು, ಇಂಥದ್ದು. ಏನೇ ಮಾಡಿದರೂ ಮುಗಿಯದಿದ್ದರೆ, ಉಳಿದಷ್ಟಕ್ಕೆ ಬದಲಾಗಿ ಬಾಳೆಹಣ್ಣು, ಶೇಂಗಾ ಹಾಕಿ ತಿರುವಿದ ಹಾಲು ಒಂದು ಲೋಟ. ಹೊಡೆಯುವುದು, ಬಾಯಿಗೆ ತುರುಕುವುದು ಮಾತ್ರ ಯಾವತ್ತೂ ಇಲ್ಲ. ಬಿಡಬೇಡಿ ಎಂದರೆ ಕೈ ಮಾಡಿ ಎಂದು ಯಾರೂ ತಿಳಿಯಬಾರದು.

ಊಟ ಆದ ಮೇಲಿನ ಒಂದು ಗಂಟೆ ಅವಳಿಗೆ ಅತಿ ಕಷ್ಟದ್ದು. ಒಬ್ಬಳನ್ನೇ ಬಿಡಬೇಡಿ. ಬಚ್ಚಲಿಗೆ ಹೋಗುವುದಿದ್ದರೆ ಊಟಕ್ಕೆ ಮೊದಲೇ ಹೋಗಿ ಬರಲಿ. ತಮ್ಮನ ಜೊತೆ ಇಸ್ಪೀಟೋ, ಹೂ ಕಟ್ಟುವುದೋ, ಯಾವುದಾದರೂ ಧಾರಾವಾಹಿಯೋ. ಹೊಟ್ಟೆ ಉಬ್ಬರಿಸಿದೆ ಎನ್ನುವುದು ನಾಟಕ ಅಲ್ಲ. ತಿಂಗಳುಗಟ್ಟಲೆ ಖಾಲಿ ಇದ್ದ ಜಠರ ನಿಧಾನಕ್ಕೆ ಕೆಲಸ ಮಾಡುತ್ತದೆ. ಹೊತ್ತು ಹೊತ್ತಿಗೆ ತಿನ್ನುತ್ತ ಹೋದರೆ ಕೆಲವು ವಾರಗಳಲ್ಲಿ ಕಮ್ಮಿಯಾಗುತ್ತದೆ. ಅಲ್ಲಿವರೆಗೆ ಬಿಸಿನೀರಿನ ಚೀಲ ಹೊಟ್ಟೆಯ ಮೇಲಿಟ್ಟುಕೊಳ್ಳಲಿ. ರಾತ್ರಿ ಮೈ ಬೆವರಬಹುದು, ತಿಂದರೂ ತೂಕ ಏರದಿರಬಹುದು. ಆರಿದ್ದ ಒಲೆ ಹೊತ್ತಿಕೊಂಡಾಗ ಕಟ್ಟಿಗೆ ಬೇಗ ಬೇಗ ಉರಿದುಹೋಗುತ್ತದಲ್ಲ, ಹಾಗೆ. ಈ ಘಟ್ಟದಲ್ಲಿ ಅವಳಿಗೆ ನಿಮಗಿಂತ, ಎಷ್ಟೋ ಸಲ ನಿಮ್ಮ ಯಜಮಾನರಿಗಿಂತಲೂ ಜಾಸ್ತಿ ಊಟ ಬೇಕು. ತಟ್ಟೆ ನೋಡಿ ನಿಮಗೇ ಇದು ಅತಿಯಾಯಿತು ಅನಿಸಿದರೆ ಅಳತೆ ಹೆಚ್ಚುಕಮ್ಮಿ ಸರಿಯಾಗಿದೆ.

ಏನು ಬಡಿಸುವುದು? ಹೊಸ ಪುಡಿ, ಡಬ್ಬಿ ತರುವ ಮೊದಲು ನಿಮ್ಮ ಅಡುಗೆಮನೆಯನ್ನೇ ನೋಡಿ. ಆದರೆ ಒಂದು ಎಚ್ಚರಿಕೆ. ಶಿರಸಿ ಕಡೆಯ ಊಟದಲ್ಲಿ ಈ ಕಾಯಿಲೆಗೆ ಅಡಗಿ ಕೂರಲು ಒಳ್ಳೆಯ ಜಾಗಗಳಿವೆ. ತಂಬುಳಿ, ಅಪ್ಪೆಹುಳಿ, ನೀರು ಮಜ್ಜಿಗೆ. ಅಪ್ಪೆಹುಳಿಯ ಮೇಲೆ ನನಗೇನೂ ಸಿಟ್ಟಿಲ್ಲ, ಕರೆದರೆ ಎರಡು ಲೋಟ ಕುಡಿದೇ ಏಳುತ್ತೇನೆ. ಆದರೆ ಇವೆಲ್ಲ ಹೊಟ್ಟೆ ತುಂಬಿಸುತ್ತವೆ, ಮೈಗೆ ಹತ್ತುವುದು ಕಮ್ಮಿ. ಬಟ್ಟಲುಗಟ್ಟಲೆ ತಂಬುಳಿ ಸುರಿದುಕೊಂಡು, ನಾಲ್ಕು ಅಗುಳು ಅನ್ನ ಕಲಸಿ "ಊಟ ಆಯ್ತು" ಎನ್ನುವ ಮಕ್ಕಳನ್ನು ಸುಮಾರು ನೋಡಿದ್ದೇನೆ. ಹಸಿ ತರಕಾರಿ, ಸೊಪ್ಪಿನ ಪಲ್ಯ ರಾಶಿ ಹಾಕಿಕೊಳ್ಳುವುದೂ ಅದೇ ಉಪಾಯ. ಮೊದಲು ಅನ್ನ, ತುಪ್ಪ, ಬೇಳೆಯ ಹುಳಿ, ಗಟ್ಟಿ ಮೊಸರು. ತಂಬುಳಿ ಕೊನೆಗೆ ಒಂದು ಸೌಟು. ದೋಸೆಗೆ ಬೆಣ್ಣೆ, ಜೋನಿಬೆಲ್ಲ, ಕಾಯಿಚಟ್ನಿ. ನಡುವೆ ಹಾಲು ಹಾಕಿದ ಕಷಾಯ, ಅವಲಕ್ಕಿ, ಶೇಂಗಾ ಉಂಡೆ, ಬಾಳೆಹಣ್ಣು. ಕರಾವಳಿಯ ಮನೆಗಳಲ್ಲಿ ಇದೇ ಆಟ ಮೀನಿನ ಜೊತೆ ನಡೆಯುತ್ತದೆ. ಕಾರವಾರ ಕಡೆಯ ಒಬ್ಬ ಹುಡುಗ (ಹೌದು, ಹುಡುಗರಿಗೂ ಬರುತ್ತದೆ) ಬಂಗಡೆಯನ್ನು ಸಾರಿನಿಂದ ತೆಗೆದು, ಕಾಯಿ ಮಸಾಲೆಯನ್ನೆಲ್ಲ ನೀರಿನಲ್ಲಿ ತೊಳೆದು ತಿನ್ನುತ್ತಿದ್ದ. ಮನೆಯವರು ಅದನ್ನು ಶಿಸ್ತು ಎಂದುಕೊಂಡಿದ್ದರು. ಅವನಿಗೆ ಬೇಕಾಗಿದ್ದದ್ದು ಸಿಕ್ಸ್ ಪ್ಯಾಕ್. ಕಾಯಿಲೆ ಅದೇ.

ಅವಳಿಗೆ ಗೊತ್ತಾಗದ ಹಾಗೆ ತುಪ್ಪ ಬೆರೆಸಬೇಕೇ ಎಂದು ಬಹಳ ತಾಯಂದಿರು ಕೇಳುತ್ತಾರೆ. ಬೇಡ. ಒಂದು ಸಲ ಸಿಕ್ಕಿಬಿದ್ದರೆ ನಿಮ್ಮ ಕೈಯ ನೀರಿಗೂ ಅನುಮಾನಪಡುತ್ತಾಳೆ. "ತುಪ್ಪ ಹಾಕಿದ್ದೇನೆ, ನಿನಗೆ ಬೇಕು, ಅದಕ್ಕೆ" ಎಂದು ನೇರವಾಗಿ ಹೇಳಿ ಹಾಕಿ. ಸಿಹಿ, ತುಪ್ಪ, ಅನ್ನ ಈ ಕ್ರಮದಲ್ಲಿ ಬಿಟ್ಟಳು ಎಂದು ಬರೆದಿದ್ದೀರಿ. ಕೊನೆಗೆ ಬಿಟ್ಟದ್ದರ ಭಯ ಸಾಮಾನ್ಯವಾಗಿ ಮೊದಲು ಇಳಿಯುತ್ತದೆ. ಹಾಗಾಗಿ ಹಿಂದಿನಿಂದ ಬನ್ನಿ. ಅನ್ನ ಗಟ್ಟಿಯಾದ ಮೇಲೆ ತುಪ್ಪ, ಕೊನೆಗೆ ಸಿಹಿ. ಪಟ್ಟಿಯಿಂದ ಯಾವುದನ್ನೂ ಪೂರ್ತಿ ಕೈಬಿಡಬೇಡಿ. ಚಿಕ್ಕಂದಿನಲ್ಲಿ ತೊಡದೇವಿನಂಥ ಸಿಹಿ ಇಷ್ಟಪಟ್ಟು ತಿನ್ನುತ್ತಿದ್ದಳಾ? ಹಾಗಿದ್ದರೆ ಒಂದು ದಿನ ಅದೂ ತಟ್ಟೆಗೆ ಬರಲೇಬೇಕು.

ಇಷ್ಟೆಲ್ಲ ಒಬ್ಬರಿಂದ ಆಗುವುದಿಲ್ಲ. ನಿಮ್ಮ ಯಜಮಾನರು ತೋಟದ ಕೆಲಸ ಎಂದು ಜಾರಿಕೊಳ್ಳಬಾರದು. ದಿನಕ್ಕೆ ಒಂದು ಊಟದ ಹೊತ್ತಾದರೂ ಅವರದ್ದಾಗಿರಲಿ, ನೀವು ಆ ಹೊತ್ತು ಅಂಗಳಕ್ಕೆ ಹೋಗಿ ಉಸಿರು ಬಿಡಿ. ಇಬ್ಬರ ಮಾತೂ ಒಂದೇ ಇರಬೇಕು. ಆಯಿ ಬೇಡ ಎಂದದ್ದಕ್ಕೆ ಅಪ್ಪಯ್ಯ ಹೂಂ ಎಂದರೆ ಕಾಯಿಲೆ ಆ ಸಂದಿಯಲ್ಲೇ ನುಗ್ಗುತ್ತದೆ. ತಮ್ಮನನ್ನು ಗೂಢಚಾರ ಮಾಡಬೇಡಿ. "ಅಕ್ಕ ತಿಂದಳಾ ನೋಡು" ಎಂದು ಕಳಿಸುವುದು ಬೇಡ. ಅವನಿಗೂ ಭಯವಾಗಿರುತ್ತದೆ, ಅವನ ಪಾಲಿನ ಆಯಿ ಎರಡು ತಿಂಗಳಿಂದ ಕಳೆದುಹೋಗಿದ್ದಾಳೆ.

ಅತ್ತೆಯವರು ದೃಷ್ಟಿ ತೆಗೆದರೆ ತೆಗೆಯಲಿ. ಅದರಿಂದ ನಷ್ಟವಿಲ್ಲ, ಅವರಿಗೂ ಮೊಮ್ಮಗಳಿಗೆ ಏನಾದರೂ ಮಾಡಿದ ಸಮಾಧಾನ ಬೇಕಲ್ಲ. ನನಗೆ ಹೆದರಿಕೆ ಇರುವುದು ಅವರ ಬಾಯಿಂದ ಬರಬಹುದಾದ ಒಂದು ಒಳ್ಳೆಯ ಮಾತಿನ ಬಗ್ಗೆ. "ಈಗ ಕೂಸು ಚೊಲೋ ಕಾಣ್ತು, ಮೈ ತುಂಬಿದ್ದು." ನಮಗೆ ಇದು ಹೊಗಳಿಕೆ. ಅವಳ ಕಿವಿಗೆ ಬೀಳುವುದು 'ದಪ್ಪಗಾದೆ' ಎಂದು, ಮಧ್ಯಾಹ್ನದ ಊಟ ಅಲ್ಲಿಗೆ ಮುಗಿಯಿತು. ಅತ್ತೆಯವರನ್ನು ಕೂರಿಸಿಕೊಂಡು ಹೇಳಿ: ಮೈ, ತೂಕ, ಮುಖದ ಬಗ್ಗೆ ಒಳ್ಳೆಯದೂ ಬೇಡ, ಕೆಟ್ಟದ್ದೂ ಬೇಡ. ಬೇಕಾದರೆ ಅವಳ ಜಡೆ ಹೆಣೆದುಕೊಡಲಿ, ಹಳೇ ಕಥೆ ಹೇಳಲಿ.

ಚೌತಿಯ ವಿಷಯ. ಹಬ್ಬ ನಿಲ್ಲಿಸಬೇಡಿ, ಅವಳಿಂದಾಗಿ ಹಬ್ಬ ಹಾಳಾಯಿತು ಎಂಬ ಹೊರೆ ಬೇಡ. ಆದರೆ ನಮ್ಮ ಮನೆಗಳಲ್ಲಿ ಆ ದಿನ ಪೂಜೆ, ಮಂಗಳಾರತಿ ಎಲ್ಲ ಮುಗಿದು ಎಲೆ ಹಾಕುವಾಗ ಎರಡು ಗಂಟೆ ದಾಟಿರುತ್ತದೆ. ಅಲ್ಲಿವರೆಗೆ ಖಾಲಿ ಹೊಟ್ಟೆ. ಈ ಕಾಯಿಲೆಗೆ ಅದಕ್ಕಿಂತ ದೊಡ್ಡ ಹಬ್ಬ ಬೇರೆ ಬೇಕಾ? ಬೆಳಿಗ್ಗೆ ಅವಳ ಮಾಮೂಲಿ ಹೊತ್ತಿಗೇ ತಿಂಡಿ ಆಗಬೇಕು. ಅತ್ತೆ ತಕರಾರು ಮಾಡಿದರೆ, ಮಕ್ಕಳಿಗೆ, ಬಸುರಿಯರಿಗೆ, ಕಾಯಿಲೆಯವರಿಗೆ ಉಪವಾಸ ಇಲ್ಲ ಎನ್ನುವುದು ಹಿರಿಯರದ್ದೇ ಮಾತು ಎಂದು ನೆನಪಿಸಿ. ಇನ್ನು ಒಂದು ವರ್ಷ ಏಕಾದಶಿ, ಸೋಮವಾರ, ಒಪ್ಪತ್ತು ಯಾವುದೂ ಅವಳಿಗಿಲ್ಲ. ದೇವರ ಹೆಸರು ಹೇಳಿ ಅವಳೇ ಕೇಳಿದರೂ ಇಲ್ಲ. ನೆಂಟರಿಗೆ ಮೊದಲೇ ಫೋನ್ ಮಾಡಿ "ಹುಷಾರಿರಲಿಲ್ಲ, ಊಟದ ವಿಷಯ, ಮೈ ವಿಷಯ ಅವಳ ಹತ್ತಿರ ತೆಗೀಬೇಡಿ" ಎನ್ನಿ. ಅದಕ್ಕಿಂತ ಹೆಚ್ಚಿನ ವಿವರ ಅವರಿಗೆ ಯಾಕೆ? ಪಂಕ್ತಿಯಲ್ಲಿ ಕೂರಲು ಅವಳಿಗೆ ಹೆದರಿಕೆಯಾದರೆ ಒಳಗೆ ನಿಮ್ಮ ಜೊತೆ, ಅವಳಿಗೆ ಇಷ್ಟದ ಯಾರಾದರೂ ಒಬ್ಬರ ಜೊತೆ ಕೂರಲಿ. ಎಲ್ಲರೂ ಸೇರಿ ಚಕ್ಕುಲಿ ಮಾಡುವ ಚಕ್ಕುಲಿ ಕಂಬಳಕ್ಕೆ ಬಂದು ಚಕ್ಕುಲಿ ಸುತ್ತುವುದಾದರೆ ಅಡ್ಡಿಯಿಲ್ಲ, ಆದರೆ ಅವಳ ಪಾಲಿನದ್ದು ತಿಂದೇ ಏಳಬೇಕು.

ಓಟ. ಸದ್ಯಕ್ಕೆ ಇಲ್ಲ. ಇದನ್ನು ನನ್ನ ಹೆಸರಲ್ಲಿ ಹೇಳಿ, ಸಿಟ್ಟು ನನ್ನ ಮೇಲೆ ಬರಲಿ. ಹೃದಯವೂ ಮಾಂಸಖಂಡವೇ, ಊಟವಿಲ್ಲದಾಗ ಅದೂ ಸೊರಗಿರುತ್ತದೆ. ಎಲುಬು ಗಟ್ಟಿಯಾಗುವುದು ಹೆಚ್ಚಾಗಿ ಇದೇ ವಯಸ್ಸಿನಲ್ಲಿ. ಮುಟ್ಟು ನಿಂತಿದೆ ಎಂದರೆ ಎಲುಬಿಗೆ ಬೇಕಾದ ಹಾರ್ಮೋನೂ ಇಲ್ಲ ಎಂದರ್ಥ. ಈ ಸ್ಥಿತಿಯಲ್ಲಿ ಓಡಿದರೆ ಕಾಲಿನ ಎಲುಬು ಬಿರುಕು ಬಿಡುವುದು ಸುಲಭ. ಮಾತ್ರೆ ಕೊಟ್ಟು ಮುಟ್ಟು ಬರಿಸೋಣ ಎಂದು ಯಾರಾದರೂ ಹೇಳಿದರೆ ಎರಡು ಸಲ ಕೇಳಿ. ಹಾಗೆ ಬಂದ ಮುಟ್ಟು ಮೈ ಸರಿಯಾದ ಗುರುತಲ್ಲ, ಗರ್ಭನಿರೋಧಕ ಮಾತ್ರೆ ಎಲುಬನ್ನೂ ಉಳಿಸುವುದಿಲ್ಲ. ತೂಕ ಬಂದು ತಾನಾಗಿ ಮುಟ್ಟು ಮರಳಬೇಕು, ನಾಡಿ ಸರಿಯಿರಬೇಕು, ಡಾಕ್ಟರು ಹೂಂ ಎನ್ನಬೇಕು. ಆಮೇಲೆ ಓಟ, ಅದೂ ಹೆಚ್ಚಿಗೆ ತಿಂದು. ಬಾಗಿಲು ಹಾಕಿಕೊಂಡು ಕೋಣೆಯಲ್ಲಿ ಬಸ್ಕಿ ಹೊಡೆಯುವುದು, ಬಸ್ ಸ್ಟ್ಯಾಂಡಿಗೆ ಬೇಕೆಂದೇ ಸುತ್ತು ದಾರಿ ಹಿಡಿಯುವುದು ಇದ್ದೀತು, ನೋಡಿಕೊಳ್ಳಿ.

ಕಾಲೇಜು? ಮಧ್ಯಾಹ್ನದ ಡಬ್ಬಿ ಯಾರು ನೋಡುತ್ತಾರೆ ಎನ್ನುವುದರ ಮೇಲೆ ನಿಂತಿದೆ. ನಂಬಿಕೆಯ ಒಬ್ಬ ಮೇಡಂ ಎದುರು ತಿನ್ನುವ ವ್ಯವಸ್ಥೆ ಆದರೆ ಹೋಗಲಿ. ಆಗದಿದ್ದರೆ ಸದ್ಯ ಅರ್ಧ ದಿನ. ಒಂದು ವರ್ಷ ಹಿಂದೆ ಬಿದ್ದರೂ ಏನೂ ಮುಳುಗುವುದಿಲ್ಲ. ಈ ವರ್ಷ ಹಾಸ್ಟೆಲ್ ಮಾತ್ರ ಬೇಡವೇ ಬೇಡ.

ಆಸ್ಪತ್ರೆಗೆ ಯಾವಾಗ ಓಡಬೇಕು ಎನ್ನುವುದನ್ನು ಗೋಡೆಗೆ ಅಂಟಿಸಿಡಿ. ಎಚ್ಚರವಾಗಿ ಸುಮ್ಮನೆ ಮಲಗಿರುವಾಗ ನಾಡಿ ನಿಮಿಷಕ್ಕೆ 50ಕ್ಕಿಂತ ಕಮ್ಮಿ ಇದ್ದರೆ ("ಓಡುವವರಿಗೆ ಹಾಗೇ ಇರುತ್ತೆ" ಎಂಬ ಸಮಾಧಾನ ಈ ಕಾಯಿಲೆಯಲ್ಲಿ ನಡೆಯುವುದಿಲ್ಲ). ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬಿದ್ದರೆ. ಎದೆ ನೋವು, ಎದೆ ಡವಡವ. ಪದೇ ಪದೇ ವಾಂತಿ, ಏಕೆಂದರೆ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತವೇ ತಪ್ಪುತ್ತದೆ. ಇಡೀ ದಿನ ಊಟ, ನೀರು ಎರಡನ್ನೂ ಬಿಟ್ಟರೆ. ಸಾಯುತ್ತೇನೆ ಎಂಬ ಮಾತು ಬಂದರೆ, ಸಿಟ್ಟಿನಲ್ಲಿ ಹೇಳಿದ್ದು ಎಂದು ತಳ್ಳಿಹಾಕಬೇಡಿ. ಇನ್ನೊಂದು, ಹಲವು ದಿನ ಏನೂ ತಿನ್ನದೆ ಇದ್ದವಳಿಗೆ ಮನೆಯಲ್ಲೇ ಒಮ್ಮೆಲೇ ಗಡದ್ದಾಗಿ ಉಣಿಸಲು ಹೋಗಬಾರದು. ರಕ್ತದಲ್ಲಿ ಫಾಸ್ಫೇಟ್ ದಿಢೀರ್ ಇಳಿದು ಜೀವಕ್ಕೇ ಕುತ್ತು ಬರಬಹುದು. ಅಂಥ ಆರಂಭ ಡಾಕ್ಟರ ಕಣ್ಣೆದುರಿಗೇ ಆಗಬೇಕು.

ಪ್ರತಿ ವಾರ ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಬೇಕಾಗಿಲ್ಲ. ಶಿರಸಿಯಲ್ಲೇ ನಿಮ್ಮ ಡಾಕ್ಟರ ಹತ್ತಿರ ವಾರಕ್ಕೊಮ್ಮೆ ನಾಡಿ, ಮಲಗಿ ಮತ್ತು ನಿಂತು ಬಿಪಿ, ತೂಕ ನೋಡಿಸಿ, ಅವರು ಹೇಳಿದಾಗ ರಕ್ತ ಪರೀಕ್ಷೆ. ಮನೋವೈದ್ಯರ ಭೇಟಿ ತಿಂಗಳಿಗೊಮ್ಮೆಯಾದರೂ ತಪ್ಪಿಸಬೇಡಿ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳು ಇವೆ. ನಡುರಾತ್ರಿ ನಿಮಗೇ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆಯಿಂದಲೇ ವಾಸಿಯಾಗುತ್ತದಾ ಎಂದರೆ, ಅನೊರೆಕ್ಸಿಯಾಕ್ಕೆ ಅಂಥ ಮಾತ್ರೆ ಇಲ್ಲ. ಆತಂಕಕ್ಕೆ, ಖಿನ್ನತೆಗೆ ಕೊಡುವುದಿದೆ. ಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ.

ನಿಮ್ಮ ತಪ್ಪಾ ಎಂಬ ಪ್ರಶ್ನೆಗೆ ಬರುತ್ತೇನೆ. ಅಲ್ಲ. ಅಷ್ಟೇ ಅಲ್ಲ, ಮೊಬೈಲಿನದ್ದೂ ಪೂರ್ತಿ ತಪ್ಪಲ್ಲ. ಈ ಕಾಯಿಲೆಯನ್ನು ಲಂಡನ್ನಿನಲ್ಲಿ ವಿಲಿಯಂ ಗಲ್, ಪ್ಯಾರಿಸ್ಸಿನಲ್ಲಿ ಶಾರ್ಲ್ ಲಾಸೆಗ್ ವಿವರಿಸಿದ್ದು 1873ರಲ್ಲಿ. ಆಗ ಯಾವ ಇನ್‌ಸ್ಟಾಗ್ರಾಂ ಇತ್ತು? ಹುಟ್ಟಿನಿಂದ ಬಂದ ಸ್ವಭಾವ, ರಕ್ತದಲ್ಲಿ ಬಂದ ಒಲವು, ಹರೆಯದ ಬದಲಾವಣೆ, ಮೇಲಿಂದ ಯಾರೋ ಆಡಿದ ಒಂದು ಮಾತು, ಹೀಗೆ ನಾಲ್ಕಾರು ಸೇರಿ ಆಗುತ್ತದೆ. ಹಾಗಂತ ತೆಳ್ಳಗಿನ ಮೈ, ಡಯೆಟ್ ತೋರಿಸುವ ಪೇಜುಗಳನ್ನು ಅವಳ ಜೊತೆ ಕೂತೇ ಅನ್‌ಫಾಲೋ ಮಾಡಿಸುವುದು ಒಳ್ಳೆಯದು. ಫೋನ್ ಕಸಿದುಕೊಂಡರೆ ಗೆಳತಿಯರೂ ಹೋಗುತ್ತಾರೆ, ಅದು ಬೇಡ.

ಎಷ್ಟು ದಿನ? ದಿನದ ಲೆಕ್ಕ ಅಲ್ಲ, ತಿಂಗಳಿನದ್ದು. ಹದಿವಯಸ್ಸಿನಲ್ಲೇ ಹಿಡಿದು ಗಟ್ಟಿಯಾಗಿ ನಿಂತರೆ ಹೆಚ್ಚಿನ ಮಕ್ಕಳು ಹೊರಗೆ ಬರುತ್ತಾರೆ. ನಡುವೆ ಒಂದು ಸುಳಿ ಇದೆ. ತೂಕ ಏರಿ, ನೋಡಿದವರೆಲ್ಲ 'ಗುಣ ಆಯ್ತು' ಎನ್ನುವ ಹೊತ್ತಿಗೇ ಅವಳ ಒಳಗಿನ ಗಲಾಟೆ ಅತಿ ಜೋರಾಗಿರುತ್ತದೆ. ಮೊದಲು ಹೊಟ್ಟೆಯ ಸುತ್ತ ತುಂಬಿಕೊಳ್ಳುವುದರಿಂದ ಕನ್ನಡಿ ನೋಡಿ ಕಂಗಾಲಾಗುತ್ತಾಳೆ. ಆಮೇಲೆ ಅದು ಮೈಗೆಲ್ಲ ಹಂಚಿಹೋಗುತ್ತದೆ, ತಿಂಗಳುಗಳು ಬೇಕು. ಕಳೆದ ವರ್ಷದ ಬಿಗಿ ಬಟ್ಟೆಗಳನ್ನು ಅವಳು ಕಾಲೇಜಿಗೆ ಹೋದಾಗ ಕಪಾಟಿನಿಂದ ತೆಗೆದುಬಿಡಿ. ಸಡಿಲವಾದ ಎರಡು ಚೂಡಿದಾರ್ ಹೊಲಿಸಿ. ಅಳತೆ ಕೊಡುವಾಗ ದರ್ಜಿ ಇಂಚು ಗಟ್ಟಿಯಾಗಿ ಕೂಗದಿರಲಿ, ಹಳೆಯ ಸಡಿಲ ಬಟ್ಟೆಯನ್ನೇ ಅಳತೆಗೆ ಕೊಟ್ಟರೆ ಇನ್ನೂ ಒಳ್ಳೆಯದು.

ಕೊನೆಯದು ಕಾಟಾ. ತೂಕ ವಾರಕ್ಕೆ ಒಂದೇ ಸಲ, ಡಾಕ್ಟರ ಹತ್ತಿರ ಮಾತ್ರ. 'ಗೊತ್ತಾಗದೆ ಇದ್ದರೆ ಹುಚ್ಚು ಹಿಡಿಯುತ್ತೆ' ಎನ್ನುತ್ತಾಳೆ. ಅಂಕಿ ಅವಳಿಗೆ ಹೇಳಬೇಕೋ ಬೇಡವೋ ಎನ್ನುವುದನ್ನು ಡಾಕ್ಟರು ತೀರ್ಮಾನಿಸಲಿ, ಮನೆಯಲ್ಲಂತೂ ಬೇಡ. ತೂಕದ ಮಷಿನ್ ಯಾರಿಗಾದರೂ ಕೊಟ್ಟುಬಿಡಿ. ಅಡಿಕೆ ಕಾಟಾ ಉಗ್ರಾಣಕ್ಕೆ ಹೋಗಲಿ, ಬೀಗದ ಕೈ ನಿಮ್ಮ ಯಜಮಾನರ ಸೊಂಟದಲ್ಲಿರಲಿ. ಕೊಯ್ಲು ಮುಗಿದು ಅಡಿಕೆ ಒಣಗುವವರೆಗೆ ಅದರ ಕೆಲಸ ಹೇಗೂ ಇಲ್ಲವಲ್ಲ.